‘ಬರೀ ಪ್ರಿಂಟ್’ ಅನ್ನಬೇಡಿ: ಓದುಗರ ಪ್ರಶ್ನೆ, ಡ್ರಾಯಿಂಗ್ ಟೀಚರ್ ಉತ್ತರ

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ಬಂಗಾಳದ ಚಿತ್ರಕಾರ ನಂದಲಾಲ್ ಬೋಸ್ ಅವರ ‘ಬಾಪೂಜಿ’ ಚಿತ್ರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕಪ್ಪು ಹಿನ್ನೆಲೆ, ಬಿಳಿ ಗೆರೆ, ಕೋಲು ಹಿಡಿದು ನಡೆಯುತ್ತಿರುವ ಗಾಂಧೀಜಿ. 1930ರ ಲಿನೋಕಟ್ ಅದು, ಅಂದರೆ ಲಿನೋಲಿಯಂ ಅನ್ನುವ ಮೆತ್ತನೆಯ ಹಾಳೆ ಕೊರೆದು, ಇಂಕು ಸವರಿ ಕಾಗದಕ್ಕೆ ಒತ್ತಿದ ಚಿತ್ರ. ಆಮೇಲಿಂದ ಪತ್ರಗಳು ಬರುತ್ತಲೇ ಇವೆ. ಹಾಸನದ ನನ್ನ ಮನೆಯ ಮೇಜಿನ ಮೇಲೆ ಒಂದು ಕಟ್ಟೇ ಆಗಿದೆ. ಈ ಸಲ ಅದರಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದ ಆಯಿತು. ಎರಡು ಮಾತಲ್ಲಿ ಮುಗಿಸುವ ಪ್ರಶ್ನೆ ಅದಲ್ಲ.

ಪ್ರಶ್ನೆ: ಟೀಚರ್, ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮಾವನವರು ತೀರಿಕೊಂಡ ಮೇಲೆ ಅವರ ಟ್ರಂಕ್ ತೆಗೆದಾಗ ಹಳೆಯ ಪೇಪರುಗಳ ನಡುವೆ ನೀವು ಹೇಳಿದ ‘ಬಾಪೂಜಿ’ ಚಿತ್ರ ಸಿಕ್ಕಿತು. ನನಗೆ ಖುಷಿಯೋ ಖುಷಿ. ಆದರೆ ನಮ್ಮ ಮೈದುನ, "ಅದು ಬರೀ ಪ್ರಿಂಟ್ ಅತ್ತಿಗೆ, ಒರಿಜಿನಲ್ ಡೆಲ್ಲಿಯಲ್ಲಿದೆ" ಅಂದುಬಿಟ್ಟರು. ಹಾಗಾದರೆ ನಮ್ಮ ಹತ್ತಿರ ಇರುವುದು ಏನು? ಒರಿಜಿನಲ್ ಅಂದರೆ ಯಾವುದು?

ಉತ್ತರ: ನಿಮ್ಮ ಮೈದುನರು ಹೇಳಿದ ಮಾತನ್ನು ನಾನು 31 ವರ್ಷ ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ. ‘ಬರೀ ಪ್ರಿಂಟ್.’ ಆ ‘ಬರೀ’ ಅನ್ನುವ ಪದ ಈಗಲೂ ನನ್ನನ್ನು ಚುಚ್ಚುತ್ತದೆ. ಅವರ ತಪ್ಪಲ್ಲ ಬಿಡಿ. ನಮಗೆಲ್ಲ ಪ್ರಿಂಟ್ ಅಂದರೆ ಕ್ಯಾಲೆಂಡರ್, ಮದುವೆ ಕಾಗದ, ಜೆರಾಕ್ಸ್. ಎಲ್ಲೋ ಒಂದು ಅಸಲಿ ಇದೆ, ಇದು ಅದರ ನಕಲು, ಅಂತಲೇ ಮನಸ್ಸಿಗೆ ಬರುತ್ತದೆ.

ಸಂಕ್ರಾಂತಿಗೆ ನಿಮ್ಮ ಮನೆಯಲ್ಲಿ ಸಕ್ಕರೆ ಅಚ್ಚು ಹೊಯ್ಯುತ್ತೀರಾ? ನಮ್ಮ ಅಜ್ಜಿಯ ಹತ್ತಿರ ಮರದ ಅಚ್ಚುಗಳಿದ್ದವು. ತೇರು, ಗಿಳಿ, ಬೃಂದಾವನ. ಪಾಕ ಹೊಯ್ದು, ಆರಿಸಿ, ಎರಡು ಹೋಳು ಬಿಡಿಸಿದರೆ ಗಿಳಿ ಕೈಗೆ ಬರುತ್ತಿತ್ತು. ನೂರು ಗಿಳಿ ಮಾಡಿ ಊರಿಗೆಲ್ಲ ಎಳ್ಳಿನ ಜೊತೆ ಬೀರಿದರೂ ಯಾರೂ ‘ಇದು ನಕಲಿ ಗಿಳಿ, ಅಸಲಿ ಗಿಳಿ ಎಲ್ಲಿ’ ಅಂತ ಕೇಳಲಿಲ್ಲ. ಮರದ ಅಚ್ಚು ಗಿಳಿ ಅಲ್ಲ, ಅದು ಗಿಳಿಯಾಕಾರದ ಗುಂಡಿ ಅಷ್ಟೇ. ಹೊಯ್ದು ಬಂದ ಒಂದೊಂದೂ ಗಿಳಿಯೇ.

ಲಿನೋಕಟ್ ಕೂಡ ಹಾಗೇ. ನಂದಲಾಲ್ ಮೊದಲು ಬಣ್ಣದಲ್ಲಿ ಒಂದು ಚಿತ್ರ ಬರೆದು, ಆಮೇಲೆ ಅದನ್ನು ಯಾರೋ ಪ್ರೆಸ್ಸಿನಲ್ಲಿ ಪ್ರಿಂಟ್ ಹಾಕಿದ್ದಲ್ಲ. ಅವರು ಲಿನೋಲಿಯಂ ಹಾಳೆಯ ಮೇಲೆ ಚಾಕುವಿನಿಂದ ಕೊರೆದರು. ಕೊರೆದ ಹಾಳೆಗೆ ಕಪ್ಪು ಇಂಕು ಸವರಿ, ಕಾಗದ ಇಟ್ಟು ಒತ್ತಿದರು. ಆ ಲಿನೋ ಹಾಳೆ ಚಿತ್ರ ಅಲ್ಲ. ಅದರಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿರುತ್ತದೆ. ಕಾಗದ ಮೇಲೆತ್ತಿದ ಆ ಗಳಿಗೆಯಲ್ಲೇ ಚಿತ್ರ ಹುಟ್ಟುವುದು. ಹಾಗೆ ಕಲಾವಿದ ಒತ್ತಿದ ಪ್ರತಿಯೊಂದೂ ಒರಿಜಿನಲ್. ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಇರುವುದೂ ಅಂಥ ಒಂದು ಪ್ರತಿಯೇ. ಅದೂ ಪ್ರಿಂಟೇ!

ಒಂದು ವ್ಯತ್ಯಾಸ ಇದೆ. ಸಕ್ಕರೆ ಅಚ್ಚಿನಲ್ಲಿ ಕೊರೆದ ಗುಂಡಿ ಉಬ್ಬಾಗಿ ಬರುತ್ತದೆ. ಲಿನೋದಲ್ಲಿ ಕೊರೆದ ಜಾಗಕ್ಕೆ ಇಂಕು ತಾಗುವುದೇ ಇಲ್ಲ, ಕಾಗದ ಅಲ್ಲಿ ಬಿಳಿಯಾಗಿ ಉಳಿಯುತ್ತದೆ. ಅಂದರೆ ‘ಬಾಪೂಜಿ’ಯಲ್ಲಿ ನೀವು ನೋಡುವ ಬಿಳಿ ಗೆರೆಯೆಲ್ಲ ನಂದಲಾಲ್ ಕೈ ಓಡಾಡಿದ ಜಾಗ. ಕಪ್ಪೆಲ್ಲ ಅವರು ಮುಟ್ಟದೆ ಬಿಟ್ಟಿದ್ದು. ಮುಂದೆ ಇಟ್ಟ ಹೆಜ್ಜೆ, ಬೋಳು ತಲೆ, ಹೊದ್ದ ಬಟ್ಟೆಯ ಮಡಿಕೆ, ಉದ್ದನೆಯ ಕೋಲು. ಇಷ್ಟೇ. ದಾರಿ ಇಲ್ಲ, ಮರ ಇಲ್ಲ, ಹಿಂದೆ ಬರುವ ಜನ ಇಲ್ಲ. ನಾವು ಚಿಕ್ಕವರಿದ್ದಾಗ ಸ್ಲೇಟಿನ ಮೇಲೆ ಬಳಪದಲ್ಲಿ ಬರೆಯುತ್ತಿದ್ದೆವಲ್ಲ, ಮೊದಲ ನೋಟಕ್ಕೆ ಹಾಗೇ ಕಾಣುತ್ತದೆ. ಆದರೆ ಸ್ಲೇಟಿನಲ್ಲಿ ತಪ್ಪಾದರೆ ಎಂಜಲು ಹಚ್ಚಿ ಒರೆಸಬಹುದು. ಲಿನೋದಲ್ಲಿ ಒಮ್ಮೆ ಕಿತ್ತದ್ದು ಕಿತ್ತಂತೆಯೇ. ಅಷ್ಟು ಕಡಿಮೆ ಗೆರೆಯಲ್ಲಿ ಒಬ್ಬ ಮನುಷ್ಯನ ನಡಿಗೆ ಹಿಡಿಯಬೇಕು, ಅದೂ ಒರೆಸಲು ಬಾರದ ಗೆರೆಯಲ್ಲಿ. ನಾನು ಈ ಚಿತ್ರವನ್ನು ಎಷ್ಟು ಸಲ ನಕಲು ತೆಗೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನನ್ನದರಲ್ಲಿ ಎರಡು ಗೆರೆ ಜಾಸ್ತಿ ಇರುತ್ತದೆ.

ಚಿತ್ರದಲ್ಲಿರುವುದು ಉಪ್ಪಿನ ಸತ್ಯಾಗ್ರಹದ ನಡಿಗೆ. 1930ರ ಮಾರ್ಚ್ 12ಕ್ಕೆ ಗಾಂಧೀಜಿ ಸಾಬರಮತಿಯಿಂದ ಹೊರಟರು. ಆಗ ಅವರಿಗೆ 60 ವರ್ಷ. ಜೊತೆಗೆ ಆಯ್ದ 78 ಸತ್ಯಾಗ್ರಹಿಗಳು. ಸುಮಾರು 385 ಕಿಲೋಮೀಟರ್. ಹೆಚ್ಚುಕಡಿಮೆ ಹಾಸನದಿಂದ ಬೆಂಗಳೂರಿಗೆ ನಡೆದು, ಮತ್ತೆ ನಡೆದೇ ವಾಪಸ್ ಬಂದಷ್ಟು ದೂರ. ಏಪ್ರಿಲ್ 6ಕ್ಕೆ ದಾಂಡಿಯ ಕಡಲ ತೀರದಲ್ಲಿ ಉಪ್ಪು ಎತ್ತಿದರು. ಆ ಗುಂಪಿನಲ್ಲಿ ನಮ್ಮವರೂ ಒಬ್ಬರಿದ್ದರು, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಇನ್ನೂ ಇಪ್ಪತ್ತು ತುಂಬದ ಹುಡುಗ. ‘ಬಾಪೂಜಿ’ ನೋಡುವಾಗಲೆಲ್ಲ ಅವರು ಆ ಕಪ್ಪಿನೊಳಗೆ ಎಲ್ಲೋ ಹಿಂದೆ ನಡೆಯುತ್ತಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಈಗ ನಿಮ್ಮ ಟ್ರಂಕಿನ ವಿಷಯ. ನಿಮಗೆ ಸುಮ್ನೆ ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ. ಈ ಚಿತ್ರವನ್ನು ಫೋಟೋ ತೆಗೆದು ಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ ಬಹಳ ಸಲ ಅಚ್ಚು ಹಾಕಿದ್ದಾರೆ. ನಿಮ್ಮದು ಅದೇ ಆಗಿರುವ ಸಾಧ್ಯತೆ ಜಾಸ್ತಿ. ಆದರೂ ನೋಡಿ. ಒಂದು ಭೂತಗನ್ನಡಿ ತಗೊಳ್ಳಿ. ಒಂದೇ ಅಳತೆಯ ಸಾಲಿನಲ್ಲಿ ಸಣ್ಣ ಚುಕ್ಕೆಗಳು ಕಂಡರೆ ಅದು ಮಷೀನಿನ ಅಚ್ಚು, ಮುಂದೆ ನೋಡುವುದೇ ಬೇಡ. ಚುಕ್ಕೆ ಇಲ್ಲ ಅಂದ ಮಾತ್ರಕ್ಕೆ ಖಾತ್ರಿಯೂ ಅಲ್ಲ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಕಾಗದದ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕೈಯಿಂದ ಒತ್ತಿದ ಲಿನೋಕಟ್ ಆದರೆ ಕಪ್ಪಿನ ಅಂಚಿನಲ್ಲಿ ಇಂಕು ಒಂದು ಕೂದಲೆಳೆಯಷ್ಟು ಏರಿಯಂತೆ ನಿಂತಿರುತ್ತದೆ, ಒತ್ತಿದಾಗ ಹೊರಕ್ಕೆ ಜಾರಿದ ಇಂಕು ಅದು. ಕಪ್ಪಿನೊಳಗೆ ಅಲ್ಲಲ್ಲಿ ರಾಗಿ ಕಾಳಿಗಿಂತ ಸಣ್ಣ ಬಿಳಿ ಚುಕ್ಕೆ ಇರಬಹುದು, ಇಂಕು ಹತ್ತದೆ ಉಳಿದ ಜಾಗ. ಆಮೇಲೆ ಕೈ ಚೆನ್ನಾಗಿ ಒರೆಸಿಕೊಂಡು ಕಾಗದದ ಹಿಂಭಾಗ ಮೆಲ್ಲಗೆ ಸವರಿ. ಒತ್ತಿದ ಗುರುತು ಬೆರಳಿಗೆ ಸಿಗಬಹುದು. ಇದೆಲ್ಲ ಕಂಡರೆ ಬೆಂಗಳೂರಿನಲ್ಲಿ ಮ್ಯೂಸಿಯಂನವರಿಗೋ ಗ್ಯಾಲರಿಯವರಿಗೋ ತೋರಿಸಿ. ಕಾಣದಿದ್ದರೂ ಎಸೆಯಬೇಡಿ. ನಿಮ್ಮ ಮಾವನವರು ಅದನ್ನು ಅಷ್ಟು ವರ್ಷ ಕಾಪಾಡಿದ್ದಾರೆ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, ಹಾಸನ. ಲಿನೋಲಿಯಂ ಅಂದರೆ ನೆಲಕ್ಕೆ ಹಾಸುವ ವಸ್ತು ಅಲ್ವಾ ಮೇಡಂ? ಅದರಲ್ಲಿ ಚಿತ್ರ ಮಾಡುವುದು ಯಾವಾಗ ಶುರುವಾಯಿತು? ಕಲೆಯ ಚರಿತ್ರೆಯಲ್ಲಿ ಇದಕ್ಕೆ ನಿಜವಾಗಿ ಜಾಗ ಇದೆಯೇ?

ಉತ್ತರ: ನೆಲಕ್ಕೆ ಹಾಸುವುದೇ ಸಾರ್. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅನ್ನುವವರು 1863ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಬಣ್ಣದ ಡಬ್ಬಿಯೊಳಗೆ ಅಗಸೆ ಎಣ್ಣೆ ಗಾಳಿಗೆ ಆರಿ, ರಬ್ಬರಿನಂಥ ಕೆನೆ ಕಟ್ಟಿದ್ದನ್ನು ನೋಡಿ ಅವರಿಗೆ ಹೊಳೆದದ್ದು. ಆ ಎಣ್ಣೆಗೆ ರಾಳ, ಕಾರ್ಕ್ ಮರದ ತೊಗಟೆಯ ಪುಡಿ ಸೇರಿಸಿ, ಗೋಣಿ ಬಟ್ಟೆಯ ಮೇಲೆ ಬಳಿದು ಒತ್ತುತ್ತಾರೆ. ಒಂದು ತುಂಡು ಲಿನೋ ತಿರುಗಿಸಿ ನೋಡಿ. ಹಿಂಭಾಗದಲ್ಲಿ ನಮ್ಮ ಕಾಫಿ ಮೂಟೆಯ ಗೋಣಿಯೇ!

ಮರದ ಹಲಗೆ ಕೊರೆದು ಅಚ್ಚು ಒತ್ತುವುದು ಬಹಳ ಹಳೆಯದು. ಚೀನಾದಲ್ಲಿ 868ರಲ್ಲಿ ಅಚ್ಚಾದ ವಜ್ರಸೂತ್ರ ಅನ್ನುವ ಬೌದ್ಧ ಗ್ರಂಥದ ಶುರುವಿನಲ್ಲಿ ಬುದ್ಧನ ಚಿತ್ರ ಇದೆ. ಮರಕ್ಕೆ ಎಳೆ ಇರುತ್ತದೆ. ಎಳೆಯ ದಿಕ್ಕಿಗೆ ಚಾಕು ಓಡುತ್ತದೆ, ಅಡ್ಡ ಹೋದರೆ ಸಿಬಿರು ಏಳುತ್ತದೆ. ಲಿನೋಗೆ ಎಳೆಯೇ ಇಲ್ಲ. ಯಾವ ಕಡೆಗೆ ತಿರುಗಿಸಿದರೂ ಒಂದೇ ಸಮ, ಮೆತ್ತಗೆ ಬರುತ್ತದೆ. ಬೆಲೆಯೂ ಕಡಿಮೆ. ಅದಕ್ಕೇ ದೊಡ್ಡ ಕಲಾವಿದರು ಬಹಳ ಕಾಲ ‘ಮಕ್ಕಳಾಟ’ ಅಂತ ಅದನ್ನು ಪಕ್ಕಕ್ಕಿಟ್ಟಿದ್ದು. ವಿಯೆನ್ನಾದಲ್ಲಿ ಫ್ರಾಂಜ್ ಚೀಝೆಕ್ ಅನ್ನುವ ಮೇಷ್ಟ್ರು 1897ರಿಂದ ಮಕ್ಕಳಿಗೆ ಚಿತ್ರಕಲೆಯ ಕ್ಲಾಸ್ ನಡೆಸುತ್ತಿದ್ದರು. ಅವರ ಮಕ್ಕಳು ಲಿನೋ ಕೊರೆದ ಚಿತ್ರಗಳು ಯೂರೋಪಿನಲ್ಲೆಲ್ಲ ಹೆಸರಾದವು. ಜರ್ಮನಿಯಲ್ಲಿ 1905ರಲ್ಲಿ ಡ್ರೆಸ್ಡೆನ್ ನಗರದ ನಾಲ್ವರು ಹುಡುಗರು ‘ಸೇತುವೆ’ ಅನ್ನುವ ಅರ್ಥದ ಹೆಸರಿಟ್ಟು ಒಂದು ಗುಂಪು ಕಟ್ಟಿದರು. ಅವರಿಗೆ ಮರವೇ ಮುಖ್ಯ, ಆದರೆ ಲಿನೋವನ್ನೂ ಕೊರೆದರು. ಗ್ಯಾಬ್ರಿಯೆಲ ಮ್ಯೂಂಟರ್ ಅನ್ನುವ ಕಲಾವಿದೆ 1906-07ರಲ್ಲಿ ಫ್ರಾನ್ಸಿನಲ್ಲಿದ್ದಾಗ ಬಣ್ಣದ ಲಿನೋಕಟ್ ಮಾಡಿದರು. ಆ ಹೆಣ್ಣುಮಗಳ ಹೆಸರನ್ನು ಇನ್ನೂ ಜಾಸ್ತಿ ಜನ ಹೇಳಬೇಕು.

ನನಗೆ ಬಹಳ ಪ್ರೀತಿ ಲಂಡನ್ನಿನ ಕ್ಲಾಡ್ ಫ್ಲೈಟ್ ಮೇಲೆ. ಅವರು 1926ರಿಂದ ಗ್ರೋವ್ನರ್ ಸ್ಕೂಲ್ ಆಫ್ ಮಾಡರ್ನ್ ಆರ್ಟ್‌ನಲ್ಲಿ ಲಿನೋಕಟ್ ಕಲಿಸಿದರು. ಉಪಕರಣಕ್ಕೆ ದುಡ್ಡಿಲ್ಲ ಅನ್ನುವವರಿಗೆ ಹಳೆಯ ಛತ್ರಿಯ ಕಡ್ಡಿಯಿಂದ ಚಾಕು ಮಾಡಿಕೊಳ್ಳಿ ಅಂದರು. ಛತ್ರಿ ಕಡ್ಡಿ ನೋಡಿದ್ದೀರಲ್ಲ, ಒಳಗೆ ಕಾಲುವೆಯಂತೆ ಬಾಗಿರುತ್ತದೆ. ತುದಿ ಮಸೆದರೆ ಗೆರೆ ಕೀಳಲು ಸರಿಯಾಗಿರುತ್ತದೆ. ನಾನು ಇದನ್ನು ಓದಿದ ವರ್ಷವೇ ನಮ್ಮ ಹೈಸ್ಕೂಲಿನ ಮಕ್ಕಳಿಗೆ ಮನೆಯಿಂದ ಮುರಿದ ಛತ್ರಿ ತನ್ನಿ ಅಂದೆ. ಮಲೆನಾಡಿನ ಅಂಚಿನ ಊರು ನಮ್ಮದು. ಮಾರನೇ ದಿನ ನಲವತ್ತು ಮಕ್ಕಳು, ಐವತ್ತಕ್ಕೂ ಜಾಸ್ತಿ ಛತ್ರಿ! ಸೈಕಲ್ ಶಾಪಿನಲ್ಲಿ ಕಡ್ಡಿ ಕತ್ತರಿಸಿ, ಕಲ್ಲಿನ ಮೇಲೆ ಮಸೆದು, ಬಿದಿರಿನ ಹಿಡಿ ಹಾಕಿದೆವು. ಅದರಲ್ಲಿ ಒಂದು ಈಗಲೂ ನನ್ನ ಡ್ರಾಯರಿನಲ್ಲಿದೆ. ಹಿಡಿಗೆ ಸುತ್ತಿದ ದಾರ ಕಪ್ಪಾಗಿದೆ, ತುದಿ ಇನ್ನೂ ಕೊರೆಯುತ್ತದೆ.

ಲಿನೋಕಟ್ ಒಂದು ಸಿನಿಮಾ ಟಿಕೆಟ್ಟಿನ ಬೆಲೆಗೆ, ಒಂದು ಲೋಟ ಬಿಯರಿನ ಬೆಲೆಗೆ ಸಾಮಾನ್ಯ ಜನರಿಗೆ ಸಿಗಬೇಕು ಅನ್ನುವುದು ಫ್ಲೈಟ್ ಅವರ ಆಸೆಯಾಗಿತ್ತು. 1929ರಲ್ಲಿ ರೆಡ್‌ಫರ್ನ್ ಗ್ಯಾಲರಿಯಲ್ಲಿ ಬ್ರಿಟಿಷ್ ಲಿನೋಕಟ್‌ಗಳ ಮೊದಲ ಪ್ರದರ್ಶನ ನಡೆಯಿತು. ಅವರ ಶಿಷ್ಯರಾದ ಸಿಬಿಲ್ ಆಂಡ್ರ್ಯೂಸ್, ಸಿರಿಲ್ ಪವರ್ ಇವರೆಲ್ಲ ಆ ಕಾಲದ ಲಂಡನ್ನನ್ನು ಕೊರೆದರು. ಸುರಂಗ ರೈಲು, ಮೋಟಾರ್ ಬೈಕ್ ರೇಸು, ಕೆಲಸಗಾರರು. ಫ್ಲೈಟ್ ಅವರ 1922ರ ಒಂದು ಚಿತ್ರದ ಹೆಸರೇ ‘ವೇಗ’. ಲಂಡನ್ ಬೀದಿಯಲ್ಲಿ ಬಸ್ಸು, ಕಟ್ಟಡ, ಜನ ಎಲ್ಲ ಗಾಳಿಗೆ ಸಿಕ್ಕಂತೆ ಬಾಗಿರುತ್ತವೆ.

ಅದನ್ನೂ ‘ಬಾಪೂಜಿ’ಯನ್ನೂ ಪಕ್ಕದಲ್ಲಿಟ್ಟು ನೋಡಿ. ನಡುವೆ ಎಂಟೇ ವರ್ಷ. ಅದೇ ಗೋಣಿ ಬೆನ್ನಿನ ಹಾಳೆ, ಅದೇ ಬಗೆಯ ಚಾಕು. ಅಲ್ಲಿ ಬಸ್ಸು ಓಡುತ್ತಿದೆ, ಇಲ್ಲಿ ಒಬ್ಬ ಮುದುಕ ನಡೆಯುತ್ತಿದ್ದಾನೆ. ನನ್ನ ಕಣ್ಣಿಗೆ ಹೆಚ್ಚು ಚಲನೆ ಕಾಣುವುದು ಆ ಮುದುಕನಲ್ಲಿ. ಆಧುನಿಕ ಅಂದರೆ ಮಷೀನು, ಸ್ಪೀಡು ಅಂತ ಜಗತ್ತು ಅಂದುಕೊಂಡಿದ್ದಾಗ ನಂದಲಾಲ್ ಅದೇ ಹೊಸ ಮಾಧ್ಯಮ ಹಿಡಿದು ಒಬ್ಬ ಮನುಷ್ಯನ ನಡಿಗೆಯನ್ನು ತೋರಿಸಿದರು. ಚರಿತ್ರೆಯಲ್ಲಿ ಜಾಗ ಇದೆಯೇ ಅಂತ ಕೇಳಿದಿರಲ್ಲ, ಇದ್ದೇ ಇದೆ, ಮತ್ತು ಅದು ಯೂರೋಪಿನವರ ಹಿಂದಿನ ಸಾಲಿನಲ್ಲಿ ಅಲ್ಲ.

ನಂದಲಾಲ್ ಅವನೀಂದ್ರನಾಥ ಟ್ಯಾಗೋರರ ಶಿಷ್ಯರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಕಲ್ಕತ್ತಾದಲ್ಲಿ ಅದೇ ಗುರುಗಳ ಹತ್ತಿರ ಕಲಿತವರು. ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಮೇಷ್ಟ್ರಾಗಿದ್ದಾಗ ಅಚ್ಚಿನ ಚಿತ್ರ ಅಲ್ಲಿ ದಿನದ ಕೆಲಸವೇ ಆಗಿತ್ತು. ಅದೇ 1930ರಲ್ಲಿ ಬಂದ ರವೀಂದ್ರನಾಥರ ಬಂಗಾಳಿ ಬಾಲಬೋಧೆ ‘ಸಹಜ ಪಾಠ’ಕ್ಕೂ ಅವರು ಲಿನೋಕಟ್ ಚಿತ್ರ ಮಾಡಿಕೊಟ್ಟರು. ಅಕ್ಷರ ಕಲಿಯುವ ಮಗುವಿಗೂ ಅದೇ ಕೈ, ಗಾಂಧೀಜಿಗೂ ಅದೇ ಕೈ. ಮುಂದೆ ಬಂಗಾಳದ ಕಲಾವಿದ ಚಿತ್ತಪ್ರಸಾದ್ ದುಡಿಯುವ ಮಕ್ಕಳ ಬದುಕನ್ನು ಲಿನೋದಲ್ಲಿ ಕೊರೆದರು. ಪಿಕಾಸೊ ಈ ಕಡೆ ಬಂದದ್ದು ಬಹಳ ತಡವಾಗಿ, 1950ರ ದಶಕದಲ್ಲಿ. ಒಂದೇ ಹಾಳೆಯನ್ನು ಹಂತ ಹಂತವಾಗಿ ಕೊರೆಯುತ್ತಾ, ಪ್ರತಿ ಹಂತಕ್ಕೂ ಒಂದೊಂದು ಬಣ್ಣ ಒತ್ತುವ ವಿಧಾನವನ್ನು ಅವರು ಚೆನ್ನಾಗಿ ಬಳಸಿದರು. ಆಮೇಲೆ ಲಿನೋವನ್ನು ಮಕ್ಕಳಾಟ ಅನ್ನುವವರು ಕಡಿಮೆಯಾದರು.

ಪ್ರಶ್ನೆ: ಮೇಡಂ, ನಾನು ಬೇಲೂರಿನವಳು, ಡಿಗ್ರಿ ಎರಡನೇ ವರ್ಷ. ನಿಮ್ಮ ಲೇಖನ ಓದಿ ಲಿನೋ ತರಿಸಿದೆ. ಈ ಮಳೆಯಲ್ಲಿ ಅದು ಕಲ್ಲಿನಂತೆ ಗಟ್ಟಿ. ಚಾಕು ಜಾರಿ ಹೆಬ್ಬೆರಳಿಗೆ ಗಾಯ ಆಯಿತು. ಅಚ್ಚು ಒತ್ತಿದರೆ ಕಪ್ಪು ತೇಪೆ ತೇಪೆ. ಬಿಟ್ಟುಬಿಡಲಾ?

ಉತ್ತರ: ಬಿಡಬೇಡ. ನನ್ನ ಶಿಷ್ಯೆಯರ ಮಕ್ಕಳ ವಯಸ್ಸು ನಿನ್ನದು, ಅದಕ್ಕೇ ನೀನು ಅಂತಲೇ ಬರೆಯುತ್ತೇನೆ.

ಮೊದಲು ಬೆರಳು. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲೂ ಒಂದು ಗುರುತಿದೆ, ಟ್ರೈನಿಂಗಿನಲ್ಲಿದ್ದಾಗ ಆದದ್ದು. ಲಿನೋ ಹಿಡಿದ ಕೈ ಯಾವತ್ತೂ ಚಾಕುವಿನ ಹಿಂದೆ ಇರಬೇಕು, ಮುಂದೆ ಬರಲೇಬಾರದು. ಒಂದು ಹಲಗೆ ತಗೊಂಡು, ನಿನ್ನ ಕಡೆಯ ಅಂಚಿಗೆ ಕೆಳಗಡೆ ಒಂದು ಪಟ್ಟಿ, ಆ ಕಡೆಯ ಅಂಚಿಗೆ ಮೇಲ್ಗಡೆ ಒಂದು ಪಟ್ಟಿ ಮೊಳೆ ಹೊಡೆಸು. ಕೆಳಗಿನ ಪಟ್ಟಿ ಮೇಜಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನ ಪಟ್ಟಿಗೆ ಲಿನೋ ಒತ್ತಿ ನಿಲ್ಲುತ್ತದೆ. ಬಡಗಿಗೆ ಹತ್ತು ನಿಮಿಷದ ಕೆಲಸ. ಗೆರೆ ತಿರುಗಬೇಕಾದರೆ ಚಾಕು ತಿರುಗಿಸಬೇಡ, ಲಿನೋವನ್ನೇ ತಿರುಗಿಸು.

ಗಟ್ಟಿ ಅನ್ನುವುದು ಚಳಿಗೆ. ಲಿನೋ ಬೆಚ್ಚಗಾದರೆ ಬೆಣ್ಣೆಯಂತೆ ಕೊರೆಯಬಹುದು. ಬಿಸಿಲಿದ್ದರೆ ಬಿಸಿಲಿಗೆ ಇಡು. ಇಲ್ಲದಿದ್ದರೆ ಬಿಸಿನೀರಿನ ಚೀಲದ ಮೇಲೆ ಐದು ನಿಮಿಷ. ನಾನು ಬಚ್ಚಲ ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡುತ್ತಿದ್ದೆ, ಬೆಂಕಿಗೆ ಹತ್ತಿರ ಮಾತ್ರ ಬೇಡ. ನಿಮ್ಮ ಊರಿನ ದೇವಸ್ಥಾನದ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟರೆ ಬರಬರುತ್ತಾ ಗಟ್ಟಿಯಾಗುತ್ತದೆ. 900 ವರ್ಷದ ಹಿಂದೆ ಅಲ್ಲಿ ಉಳಿ ಹಿಡಿದವರೂ ಕಲ್ಲಿನ ಸಮಯ ನೋಡಿಯೇ ಕೆಲಸ ಮಾಡಿದ್ದು. ದಾಸೋಜ, ಚಾವಣ ಅಂತ ವಿಗ್ರಹದ ಬುಡದಲ್ಲಿ ಹೆಸರು ಕೊರೆದಿದ್ದಾರಲ್ಲ, ಮುಂದಿನ ಸಲ ಹೋದಾಗ ಕೂತು ನೋಡು. ನೀನು ಹೆಸರು ಕೊರೆಯುವುದಾದರೆ ತಿರುಗುಮುರುಗಾಗಿ ಕೊರೆಯಬೇಕು. ಟ್ರೇಸಿಂಗ್ ಪೇಪರಿನಲ್ಲಿ ಬರೆದು ಮಗುಚಿ ಹಾಕು. ಕನ್ನಡದ ಒತ್ತಕ್ಷರದಲ್ಲಿ ಎಲ್ಲರೂ ಒಮ್ಮೆಯಾದರೂ ತಪ್ಪುತ್ತಾರೆ.

ತೇಪೆಗೆ ಕಾರಣ ಇಂಕು. ಗಾಜಿನ ಮೇಲೆ ಸ್ವಲ್ಪವೇ ಇಂಕು ಹಾಕಿ ರೋಲರ್ ಉರುಳಿಸುತ್ತಾ ಕಿವಿಗೊಡು. ‘ಪಚ ಪಚ’ ಅಂದರೆ ಜಾಸ್ತಿ ಆಯಿತು. ಸಣ್ಣಗೆ, ಒಂದೇ ಸಮ ‘ಚುರ್’ ಅಂದರೆ ಸರಿ. ಒಂದೇ ಸಲ ದಪ್ಪಗೆ ಬಳಿಯಬೇಡ, ತೆಳ್ಳಗೆ ನಾಲ್ಕೈದು ಸಲ ಉರುಳಿಸು. ಕಾಗದ ಇಟ್ಟ ಮೇಲೆ ಮರದ ಚಮಚದ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ಸುತ್ತುತ್ತಾ ತಿಕ್ಕು. ಒಂದು ಮೂಲೆ ಮಾತ್ರ ಎತ್ತಿ ಇಣುಕು. ಕಪ್ಪು ತುಂಬಿಲ್ಲದಿದ್ದರೆ ಮತ್ತೆ ಮುಚ್ಚಿ ತಿಕ್ಕು. ಎಣ್ಣೆ ಇಂಕು ಜುಲೈ ತಿಂಗಳಿನಲ್ಲಿ ಆರಲು ವಾರ ಹಿಡಿದರೂ ಹಿಡಿಯಿತು. ಒಳಗೆ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕು. ನಾಲ್ಕನೆಯದೋ ಐದನೆಯದೋ ಚೆನ್ನಾಗಿ ಬರುತ್ತದೆ, ಅದನ್ನು ನನಗೆ ಕಳಿಸು.

ಪ್ರಶ್ನೆ: ಸಕಲೇಶಪುರದಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯ ಒಂದು ಹಳೆಯ ಲಿನೋಕಟ್‌ಗೆ ಪ್ರತಿ ಮಳೆಗಾಲ ಬೂಷ್ಟು ಬರುತ್ತದೆ. ಹೊಸ ಫ್ರೇಮ್ ಹಾಕಿಸೋಣ ಅಂತಿದ್ದೇನೆ. ಏನು ಹೇಳಬೇಕು ಅಂಗಡಿಯವರಿಗೆ?

ಉತ್ತರ: ಮಳೆ ಹೊಡೆಯುವ ಗೋಡೆಗೆ ನೇತುಹಾಕಬೇಡಿ, ಒಳಗೋಡೆಗೆ ಹಾಕಿ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ದಪ್ಪ ಕಾಗದದ ಚೌಕಟ್ಟು ಇರಲಿ. ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಚೆನ್ನಾಗಿ ಒಣಗಿದ ದಿನ ಮೆತ್ತನೆಯ ಬ್ರಷ್ಷಿನಲ್ಲಿ ಮೆಲ್ಲಗೆ ಕೊಡವಿ.

ಎಲ್ಲಕ್ಕಿಂತ ಮುಖ್ಯ ಅಂಚು. ನನ್ನ ಗುರುಗಳು ನನಗೆ ಕೆಲಸ ಸಿಕ್ಕಿದ ವರ್ಷ ಒಂದು ಲಿನೋಕಟ್ ಕೊಟ್ಟಿದ್ದರು. ಕಾಫಿ ಹಣ್ಣು ಬಿಡಿಸುವ ಹೆಂಗಸು, ಸೊಂಟಕ್ಕೆ ಕಟ್ಟಿದ ಬುಟ್ಟಿ, ಗಿಡದ ಎಲೆಯೆಲ್ಲ ಬಿಳಿ ಗೆರೆಯಲ್ಲಿ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 4/12 ಅಂತ ಇತ್ತು. ಒಟ್ಟು ಹನ್ನೆರಡು ಒತ್ತಿದ್ದರಲ್ಲಿ ನಾಲ್ಕನೆಯದು ಅಂತ ಅರ್ಥ. ಅದರ ಪಕ್ಕದಲ್ಲಿ ಅವರ ಸಹಿ, ನನ್ನ ಹೆಸರು, ತಾರೀಖು. ಫ್ರೇಮಿಗೆ ಕೊಟ್ಟೆ. ಅಂಗಡಿಯವರು ಅಳತೆಗೆ ಸರಿಹೋಗಲಿ ಅಂತ ನಾಲ್ಕೂ ಕಡೆ ಅಂಚು ಕತ್ತರಿಸಿ, ಚಿತ್ರವನ್ನು ಹಾರ್ಡ್‌ಬೋರ್ಡಿಗೆ ಗೋಂದಿನಲ್ಲಿ ಅಂಟಿಸಿಬಿಟ್ಟಿದ್ದರು. ನಾನು ಹೋಗುವಷ್ಟರಲ್ಲಿ ಆ ಚೂರುಗಳು ಕಸದ ಜೊತೆ ಹೋಗಿದ್ದವು. ‘ಬರೀ ಖಾಲಿ ಕಾಗದ ಅಲ್ವಾ ಮೇಡಂ’ ಅಂದರು. ಗುರುಗಳು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು.

ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಚಿತ್ರದ ಹಿಂದೆ ಮುಂದೆ, ನಾಲ್ಕೂ ಅಂಚು ಕಾಣುವಂತೆ ಫೋಟೋ ತೆಗೆದುಕೊಳ್ಳಿ. ‘ಕತ್ತರಿಸಬೇಡಿ, ಅಂಟಿಸಬೇಡಿ’ ಅಂತ ಬೇರೆ ಚೀಟಿಯಲ್ಲಿ ಬರೆದು ಕೊಡಿ. ಸಾಧ್ಯವಾದರೆ ಅಲ್ಲೇ ನಿಂತು ಮಾಡಿಸಿಕೊಂಡು ಬನ್ನಿ.